ಅಂಬಾಸಿಡರ್‌ಗೆ ಎಲೆಕ್ಟ್ರಿಕ್ ಫ್ಯಾನ್: ಮೊದಲು ಡೈನಮೋ ನೋಡಿ

ಪ್ರಶ್ನೆ: ನನ್ನದು 1977ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್. ಬ್ಯಾಟರಿ ಚಾರ್ಜ್ ಮಾಡಲು ಈಗಲೂ ಡೈನಮೋ ಇದೆ. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ. ಇಂಜಿನ್ ತಿರುಗಿಸುವ ಬೆಲ್ಟ್ ಫ್ಯಾನ್ ತೆಗೆಸಿ ಮಾರುತಿ 800ರ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ ಎನ್ನುತ್ತಾರೆ. ಹಾಕಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಹಾಕಿಸಬಹುದು. ಆದರೆ ಗಾಡಿ ಎಲ್ಲಿ ಬಿಸಿಯಾಗುತ್ತದೆ ಎಂಬುದನ್ನು ಮೊದಲು ಗಮನಿಸಿ. ಸಿಗ್ನಲ್‌ನಲ್ಲಿ ಏರಿದ ಮುಳ್ಳು ಗಾಡಿ ಓಡತೊಡಗಿದ ಮೇಲೆ ಇಳಿದರೆ ಕೊರತೆ ಗಾಳಿಯದು, ಅದಕ್ಕೆ ಎಲೆಕ್ಟ್ರಿಕ್ ಫ್ಯಾನ್ ಸರಿಯಾದ ಮದ್ದು. ಶಿರಾಡಿ ಘಾಟಿ ಹತ್ತುವಾಗಲೋ ಹೈವೇಯಲ್ಲಿ 70ರ ವೇಗದಲ್ಲೋ ಬಿಸಿಯಾದರೆ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ. ಆಗ ಇಂಜಿನ್ ಆರ್‌ಪಿಎಂ ಹೆಚ್ಚಿರುವುದರಿಂದ ಬೆಲ್ಟ್ ಫ್ಯಾನ್ ಕೂಡ ಜೋರಾಗಿಯೇ ತಿರುಗುತ್ತಿರುತ್ತದೆ. ರೇಡಿಯೇಟರ್ ಟ್ಯೂಬ್ ಕಟ್ಟಿಕೊಂಡಿರಬಹುದು, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿರಬಹುದು. ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿ, ಟ್ಯೂಬ್‌ಗಳಿಗೆ ಕಡ್ಡಿ ಹಾಯಿಸಿ ಕ್ಲೀನ್ ಮಾಡಿಸುವುದು ಮೊದಲ ಕೆಲಸ.

ಎರಡನೆಯದು ಕರೆಂಟಿನ ಲೆಕ್ಕ. ಹೆಚ್ಚಿನವರು ಎಡವುವುದೇ ಇಲ್ಲಿ. ಲ್ಯೂಕಾಸ್ ಸಿ40 ಮಾದರಿಯ ಡೈನಮೋ ಸಾಮಾನ್ಯವಾಗಿ 22 ಆಂಪಿಯರ್‌ನದ್ದು. ಹೆಡ್‌ಲೈಟ್ ಎರಡಕ್ಕೆ 9, ಇಗ್ನಿಷನ್‌ಗೆ 3ರಿಂದ 4, ವೈಪರ್ ಮತ್ತು ಹಿಂದಿನ ದೀಪಗಳಿಗೆ 5, ಚಿಕ್ಕ ಫ್ಯಾನ್‌ಗೆ 8ರಿಂದ 10 ಎಂದಿಟ್ಟುಕೊಂಡರೂ ಮಳೆಗಾಲದ ರಾತ್ರಿ ಲೆಕ್ಕ 25ರಿಂದ 28 ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಐಡ್ಲಿಂಗ್‌ನದು, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವ ಹೊತ್ತಿನದು. ಐಡ್ಲಿಂಗ್‌ನಲ್ಲಿ ಡೈನಮೋ ಚಾರ್ಜ್ ಮಾಡುವುದಿಲ್ಲ ಎಂದೇ ಹೇಳಬೇಕು. ಫ್ಯಾನ್ ಬೇಕಾಗುವುದೂ ಅದೇ ಹೊತ್ತಿಗೆ. ಅರ್ಧ ಗಂಟೆ ಜಾಮ್‌ನಲ್ಲಿ ಸಿಕ್ಕಿಕೊಂಡರೆ ಇಂಜಿನ್ ತಣ್ಣಗಿರುತ್ತದೆ, ಬ್ಯಾಟರಿ ಮಲಗುತ್ತದೆ. ಹಾಗಾಗಿ ಡೈನಮೋ ಬದಲು, ಐಡ್ಲಿಂಗ್‌ನಲ್ಲೂ ಚಾರ್ಜ್ ಮಾಡುವ 35–45 ಆಂಪಿಯರ್‌ನ ಆಲ್ಟರ್ನೇಟರ್ ಹಾಕಿಸದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಡಿ ಮೂಲ ರೂಪದಲ್ಲೇ ಇರಬೇಕೆಂದರೆ ಡೈನಮೋ, ಬೆಲ್ಟ್ ಫ್ಯಾನ್ ಎರಡೂ ಇರಲಿ, ರೇಡಿಯೇಟರ್ ಕ್ಲೀನ್ ಮಾಡಿಸಿ ಸುಮ್ಮನಾಗಿ. ಬಹಳ ಗಾಡಿಗಳಿಗೆ ಅಷ್ಟೇ ಸಾಕಾಗುತ್ತದೆ.

ಇನ್ನು ಫಿಟ್ಟಿಂಗ್. ಜಾಗವಿದ್ದರೆ ಫ್ಯಾನನ್ನು ರೇಡಿಯೇಟರ್‌ನ ಇಂಜಿನ್ ಬದಿಗೇ ಹಾಕಿ; ಮುಂದೆ ಹಾಕಿದರೆ ಓಡುವಾಗ ಬರುವ ಗಾಳಿಗೆ ಅದೇ ಅಡ್ಡ. ಬ್ರೇಕ್ ಹಾಕಿದಾಗ ಇಂಜಿನ್ ಮೌಂಟಿಂಗ್ ಮೇಲೆ ಓಲಾಡುವುದರಿಂದ ಮೋಟರ್ ಹಿಂಭಾಗಕ್ಕೂ ವಾಟರ್ ಪಂಪ್ ಪುಲ್ಲಿಗೂ ನಡುವೆ 25 ಮಿ.ಮೀ. ಬಿಡುವು ಬೇಕು. ಪ್ಲಾಸ್ಟಿಕ್ ಟೈ ಚುಚ್ಚಿ ಫ್ಯಾನನ್ನು ರೇಡಿಯೇಟರ್‌ನ ಕೋರ್‌ಗೇ (ಟ್ಯೂಬ್‌ಗಳಿರುವ ಭಾಗಕ್ಕೇ) ಕಟ್ಟುವ ಪದ್ಧತಿಯೊಂದಿದೆ, ಅದನ್ನು ಒಪ್ಪಲೇಬೇಡಿ: ಅಲುಗಾಡಿ ಅಲುಗಾಡಿ ಟ್ಯೂಬ್ ಸವೆದು ನೀರು ಸೋರುತ್ತದೆ. 20×3 ಮಿ.ಮೀ. ಪಟ್ಟಿಯ ಬ್ರಾಕೆಟ್ ಮಾಡಿಸಿ, ರಬ್ಬರ್ ವಾಷರ್ ಇಟ್ಟು ರೇಡಿಯೇಟರ್‌ನ ಪಕ್ಕದ ಫ್ರೇಮ್‌ಗೆ ಬೋಲ್ಟ್ ಮಾಡಿಸಿ.

ಹಳೆ ಫ್ಯಾನ್ ಬಿಚ್ಚಿದ ಮೇಲೂ ಬೆಲ್ಟ್ ಇರಲೇಬೇಕು, ವಾಟರ್ ಪಂಪ್ ತಿರುಗಿಸುವುದು ಅದೇ. ಪುಲ್ಲಿಯನ್ನು ಹಿಡಿದಿರುವುದು ಫ್ಯಾನ್‌ನ ಬೋಲ್ಟ್‌ಗಳೇ. ಫ್ಯಾನ್ ಹೋದ ಮೇಲೆ ಅವು ಅಗತ್ಯಕ್ಕಿಂತ ಉದ್ದವಾಗುತ್ತವೆ. ತುದಿಗೆ ತಾಗಿ ನಿಲ್ಲುವುದರಿಂದ ಬಿಗಿಯಾದಂತೆ ಕಂಡರೂ ಪುಲ್ಲಿ ಸಡಿಲವಾಗಿಯೇ ಇರುತ್ತದೆ. ಫ್ಯಾನ್ ತಗಡಿನಷ್ಟೇ ದಪ್ಪದ ವಾಷರ್ ಹಾಕಿ, ಇಲ್ಲವೇ ಗಿಡ್ಡ ಬೋಲ್ಟ್ ತನ್ನಿ.

ವೈರಿಂಗ್‌ಗೆ ನಾಲ್ಕು ಪಿನ್ನಿನ 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಸಾಕು. ಅದರ ಪಿನ್‌ಗಳ ನಂಬರ್ 30, 85, 86, 87. ಬ್ಯಾಟರಿ ಪಾಸಿಟಿವ್‌ನಿಂದ 20 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಫ್ಯಾನ್‌ಗೆ. ಎರಡಕ್ಕೂ 4 ಚದರ ಮಿ.ಮೀ. ವೈರ್. 86ಕ್ಕೆ ಇಗ್ನಿಷನ್ ಲೈನ್, 85ರಿಂದ ಥರ್ಮೋ ಸ್ವಿಚ್ (ನೀರು ಬಿಸಿಯಾದಾಗ ಆನ್ ಆಗುವ ಸ್ವಿಚ್) ಮೂಲಕ ಅರ್ಥ್; ಇವಕ್ಕೆ 1 ಚದರ ಮಿ.ಮೀ. ಸಾಕು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಫ್ಯಾನ್‌ನ ಅರ್ಥ್ ವೈರನ್ನು ಬಣ್ಣ ಕೆರೆದ ಜಾಗಕ್ಕೆ ಬಿಗಿಯಿರಿ. ಮುಗಿದ ಮೇಲೆ ಫ್ಯಾನ್ ಓಡಿಸಿ, ರೇಡಿಯೇಟರ್ ಮುಂದೆ ಒಂದು ತೆಳು ಕಾಗದ ಹಿಡಿಯಿರಿ. ಕಾಗದ ಕೋರ್‌ಗೆ ಅಂಟಿಕೊಳ್ಳಬೇಕು. ಹಾರಿ ಬಂದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ, ಎರಡು ವೈರ್ ಅದಲುಬದಲು ಮಾಡಿ.

ಪ್ರಶ್ನೆ: ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ ಮೇಲೆ, ಫ್ಯಾನ್ ತಿರುಗುತ್ತಿರುವಾಗ ಕೀ ಆಫ್ ಮಾಡಿದರೆ ಇಂಜಿನ್ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ.
– ಓದುಗರು, ಹಾಸನ

ಉತ್ತರ: ಫ್ಯಾನ್‌ನ ಕರೆಂಟನ್ನು ಇಗ್ನಿಷನ್ ಲೈನ್‌ನಿಂದಲೇ ತೆಗೆದಿದ್ದಾರೆ. ಕೀ ಆಫ್ ಆದರೂ ಫ್ಯಾನ್ ತನ್ನ ವೇಗದಲ್ಲಿ ತಿರುಗುತ್ತಿರುತ್ತದೆ; ಆಗ ಮೋಟರೇ ಜನರೇಟರ್ ಆಗಿ ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ಕಳಿಸುತ್ತದೆ. ಮೇಲೆ ಹೇಳಿದಂತೆ 30ನ್ನು ನೇರ ಬ್ಯಾಟರಿಗೆ ಕೊಡಿಸಿ.

ಪ್ರಶ್ನೆ: ಮೇಲಿನ ಹೋಸ್‌ಗೆ ಅಲ್ಯೂಮಿನಿಯಂ ಅಡಾಪ್ಟರ್ ಕೂರಿಸಿ ಥರ್ಮೋ ಸ್ವಿಚ್ ಹಾಕಿದ್ದಾರೆ. ಫ್ಯಾನ್ ಶುರುವೇ ಆಗುವುದಿಲ್ಲ. ಸ್ವಿಚ್ ಬದಲಿಸಿದರೂ ಅಷ್ಟೇ.
– ಓದುಗರು, ಶಿವಮೊಗ್ಗ

ಉತ್ತರ: ಅದು ಒಂದೇ ಪಿನ್ನಿನ ಸ್ವಿಚ್ ಆಗಿದ್ದರೆ ಅರ್ಥ್ ಸಿಗುತ್ತಿಲ್ಲ. ಅಡಾಪ್ಟರ್‌ನ ಎರಡೂ ಕಡೆ ರಬ್ಬರ್ ಹೋಸ್ ಇದೆ, ಬಾಡಿಗೆ ಎಲ್ಲೂ ತಾಗುವುದಿಲ್ಲ. ಅಡಾಪ್ಟರ್‌ನಿಂದ ಇಂಜಿನ್‌ಗೆ ಒಂದು ವೈರ್ ಎಳೆಯಿರಿ. ಹಾಗೆಯೇ ಸ್ವಿಚ್ ಮೇಲಿನ ನಂಬರನ್ನೂ ಓದಿ. ಇಂಜಿನ್‌ನ ಬಿಸಿ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟ್ಯಾಟ್ 82 ಡಿಗ್ರಿಗೆ ತೆರೆಯುವಂಥದ್ದಾದರೆ 92ಕ್ಕೆ ಆನ್, 87ಕ್ಕೆ ಆಫ್ ಆಗುವ ಸ್ವಿಚ್ ಹೊಂದುತ್ತದೆ. ಆಫ್ ಆಗುವ ಡಿಗ್ರಿ 82ಕ್ಕಿಂತ ಕೆಳಗಿದ್ದರೆ ಒಮ್ಮೆ ಶುರುವಾದ ಫ್ಯಾನ್ ಕೀ ತೆಗೆಯುವವರೆಗೂ ನಿಲ್ಲುವುದಿಲ್ಲ.