ಬಾಂಡ್ ಪೇಪರ್‌ಗೆ ಸೈನ್ ಹಾಕ್ಬಿಡ್ಲಾ ಅಕ್ಕಾ?

ಪ್ರಶ್ನೆ: ಅಕ್ಕಾ, ನನ್ನ ಗಂಡನ ಮನೆ ಮೂಡಿಗೆರೆ ಕಡೆ, ಕಾಫಿ ತೋಟ ಇದೆ. ಎಂಟು ತಿಂಗಳಿಂದ ಏಳು ವರ್ಷದ ಮಗಳನ್ನ ಕರ್ಕೊಂಡು ಹಾಸನದಲ್ಲಿ ತವರಲ್ಲಿದೀನಿ, ಇನ್ನು ಒಟ್ಟಿಗಿರೋ ಮನಸ್ಸು ಇಬ್ರಿಗೂ ಇಲ್ಲ. ಹೋದ ವಾರ ಭಾವ ಬಾಂಡ್ ಪೇಪರ್ ತಂದಿದ್ರು, ಐದು ಲಕ್ಷ ತಗೊಂಡು ನಂಗೂ ಮಗಳಿಗೂ ಇನ್ನೇನೂ ಬೇಡ ಅಂತ ಸೈನ್ ಹಾಕು, ಒಂದು ತಿಂಗಳಲ್ಲಿ ಡೈವೋರ್ಸ್ ಮುಗಿಯುತ್ತೆ ಅಂದ್ರು. ತೋಟದ ಖರ್ಚಿಗೆ ಅಂತ ಅಡ ಇಟ್ಟ ನನ್ನ ಒಡವೆನೂ ವಾಪಸ್ ಬಂದಿಲ್ಲ. ಅಪ್ಪ ಅಮ್ಮನ ಮುಖ ನೋಡಿದ್ರೆ ಮುಗಿದ್ರೆ ಸಾಕು ಅನ್ಸುತ್ತೆ. ಹಾಕ್ಬಿಡ್ಲಾ?
– ಹೆಸರು ಬೇಡ, ಹಾಸನ

ಉತ್ತರ: ಹಾಕ್ಬೇಡಮ್ಮ. ಬೇರೆ ಆಗ್ಬೇಕು ಅನ್ನೋ ನಿನ್ನ ತೀರ್ಮಾನದ ಬಗ್ಗೆ ನಾನೇನೂ ಹೇಳಲ್ಲ, ಅದು ನೀನು ಅನುಭವಿಸಿ ತಗೊಂಡಿರೋದು. ಆದ್ರೆ ಯಾವ ಷರತ್ತಿನ ಮೇಲೆ ಬೇರೆ ಆಗೋದು ಅನ್ನೋದು ಇನ್ನೊಂದು ತೀರ್ಮಾನ, ಅದನ್ನ ಸುಸ್ತಾಗಿದೆ ಅಂತ ತಗೋಬಾರ್ದು.

ಮೊದಲು ಆ ಒಂದು ತಿಂಗಳ ಮಾತು. ಬಾಂಡ್ ಪೇಪರಲ್ಲಿ ಡೈವೋರ್ಸ್ ಆಗಲ್ಲ, ಕೋರ್ಟ್ ಡಿಕ್ರಿನೇ ಬೇಕು. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಇಬ್ರೂ ಒಪ್ಪಿ ಅರ್ಜಿ ಹಾಕೋಕೇ ಒಂದು ವರ್ಷ ಬೇರೆ ಇದ್ದಿರ್ಬೇಕು, ನಿಂಗಿನ್ನೂ ನಾಲ್ಕು ತಿಂಗಳಿದೆ, ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯ್ಬೇಕು, ಈ ಆರು ತಿಂಗಳನ್ನ ಕೋರ್ಟ್ ಮನ್ನಾ ಮಾಡ್ಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ ಆದ್ರೆ ಕೇಳಿದೋರಿಗೆಲ್ಲ ಸಿಗಲ್ಲ. ಹಾಗಾದ್ರೆ ಈ ಅರ್ಜೆಂಟು ಯಾರಿಗೆ? ನಿಂಗಂತೂ ಅಲ್ಲ.

ಐದು ಲಕ್ಷ ಕೇಳೋಕೆ ದೊಡ್ಡದು. ಮಗಳಿಗೆ ಹದಿನೆಂಟು ಆಗೋಕೆ ಹನ್ನೊಂದು ವರ್ಷ, ಅಂದ್ರೆ 132 ತಿಂಗಳು, ಭಾಗ ಹಾಕಿದ್ರೆ ತಿಂಗಳಿಗೆ 3,800 ರೂಪಾಯಿನೂ ಬರಲ್ಲ, ಸ್ಕೂಲ್ ಫೀಸು ವ್ಯಾನು ಜ್ವರ ಬಂದ್ರೆ ಡಾಕ್ಟ್ರು ಎಲ್ಲ ಅದ್ರಲ್ಲೇ, ನಿನ್ನ ಪಾಲು ಸೊನ್ನೆ. ಅದೂ ಅಲ್ದೆ ಮಗಳ ಜೀವನಾಂಶ ಮಗಳ ಹಕ್ಕು, ಅದನ್ನ ಬಿಟ್ಟುಕೊಡೋಕೆ ನಿಂಗೂ ಅಧಿಕಾರ ಇಲ್ಲ. ಒಡವೆ ಸ್ತ್ರೀಧನ, ಪೂರ್ತಿ ನಿಂದು, ಅದನ್ನ ಈ ಐದು ಲಕ್ಷದ ಜೊತೆ ಸೇರಿಸಿ ಮಾತಾಡೋಕೆ ಬಿಡಬೇಡ. ಮದುವೆ ಫೋಟೋ, ಒಡವೆ ಬಿಲ್, ಅಡ ಇಟ್ಟ ರಸೀದಿ, ಅದ್ರ ಬಗ್ಗೆ ವಾಟ್ಸಾಪಲ್ಲಿ ಮಾತಾಡಿದ್ದು, ಸಿಕ್ಕಿದ್ದನ್ನೆಲ್ಲ ಈಗ್ಲೇ ಎತ್ತಿಡು.

ತೋಟದೋರ ಆದಾಯಕ್ಕೆ ಸ್ಯಾಲರಿ ಸ್ಲಿಪ್ ಇರಲ್ಲ, ಈ ವರ್ಷ ಬೆಳೆನೇ ಇಲ್ಲ ಅಂದ್ಬಿಡೋದು ಸುಲಭ. ಆದ್ರೆ ಸರ್ವೆ ನಂಬರ್ ಗೊತ್ತಿದ್ರೆ ಪಹಣಿ ಭೂಮಿ ವೆಬ್‌ಸೈಟಲ್ಲೇ ನೋಡ್ಬಹುದು, ಜೀವನಾಂಶದ ಕೇಸಲ್ಲಿ ಇಬ್ರೂ ಆಸ್ತಿ ಸಾಲ ಆದಾಯದ ಅಫಿಡವಿಟ್ ಕೊಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರ ಲೆಕ್ಕ ಕಾಗದದ ಮೇಲೆ ಬರೋವರೆಗೂ ಮೊತ್ತದ ಮಾತೇ ಬೇಡ. ಇನ್ನೊಂದು, ಗಂಡನ ಜೊತೆ ಸೇರಿ ಯಾವುದಾದ್ರೂ ಸಾಲಕ್ಕೆ ನೀನೂ ಸೈನ್ ಹಾಕಿದ್ರೆ ಡೈವೋರ್ಸ್ ಆದ್ರೂ ಬ್ಯಾಂಕ್ ನಿನ್ನನ್ನ ಬಿಡಲ್ಲ, ಅದನ್ನೂ ನೆನಪು ಮಾಡ್ಕೋ.

ವಕೀಲರಿಗೆ ದುಡ್ಡೆಲ್ಲಿಂದ ಅಂತ ಹೆದರಬೇಡ. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಇದೆ, ಹಾಸನದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡು. ನೀನಿರೋ ಊರಲ್ಲೇ ಕೇಸ್ ಹಾಕ್ಬಹುದು, ಮೂಡಿಗೆರೆಗೆ ಅಲೆಯೋದು ಬೇಡ.

ಭಾವ ಮತ್ತೆ ಬಂದ್ರೆ ಜಗಳ ಆಡ್ಬೇಡ, ವಕೀಲರಿಗೆ ತೋರಿಸ್ತೀನಿ ಕೊಟ್ಟು ಹೋಗಿ ಅನ್ನು ಅಷ್ಟೇ. ಅಪ್ಪ ಅಮ್ಮನ್ನ ಇವತ್ತು ರಾತ್ರಿ ಕೂರಿಸ್ಕೊಂಡು ಆ 3,800ರ ಲೆಕ್ಕ ಬರೆದು ತೋರ್ಸು.