‘ಏನು ಕಲಿತೆ?’ ಅಂತ ಕೇಳಬೇಡಿ ಅಕ್ಕಾ

ಶಿರ್ವದಿಂದ ಒಬ್ಬರು ತಾಯಿ ಪತ್ರ ಬರೆದಿದ್ದಾರೆ. ಮಗ ಒಂಬತ್ತನೇ ಕ್ಲಾಸು, ಪಾಠದ ಪುಸ್ತಕ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ಕೊಡಿಸಿದ ಕಾದಂಬರಿಗಳು ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿವೆ, ಮೊಬೈಲಿನಲ್ಲಿ ಕ್ರಿಕೆಟ್ ಮತ್ತು ಭೂತಕೋಲದ ವಿಡಿಯೊ ಮಾತ್ರ ನೋಡುತ್ತಾನೆ. ನಿಮ್ಮ ಪತ್ರಿಕೆ ಸಾರಾಂಶ ಬರೆಯುವ ಸ್ಪರ್ಧೆ ಇಡಬಾರದೇ, ಓದಲೇಬೇಕಾದ ಹತ್ತು ಪುಸ್ತಕಗಳ ಪಟ್ಟಿ ಕೊಡಬಾರದೇ ಅಂತ ಕೇಳಿದ್ದಾರೆ.

ಅಕ್ಕಾ, ಸ್ಪರ್ಧೆ ಇಡುವುದಿಲ್ಲ. ಒಮ್ಮೆ ಇಟ್ಟು ಕೈ ಸುಟ್ಟುಕೊಂಡಿದ್ದೇವೆ. ಬಂದದ್ದರಲ್ಲಿ ಜಾಸ್ತಿ ಬೆನ್ನುಡಿಯ ನಕಲು, ಉಳಿದವು ಅಮ್ಮಂದಿರ ಅಕ್ಷರದಲ್ಲಿದ್ದವು. (ಮೊದಲ ಬಹುಮಾನ ಹೋದದ್ದೂ ಒಬ್ಬ ಅಮ್ಮನಿಗೇ ಅಂತ ಆಮೇಲೆ ಗೊತ್ತಾಯಿತು.)

ತಪ್ಪು ಮಕ್ಕಳದ್ದಲ್ಲ. ಪುಸ್ತಕ ಮುಚ್ಚಿದ ಕೂಡಲೇ ‘ಏನು ಕಲಿತೆ, ನೀತಿ ಏನು’ ಅಂತ ಕೇಳಿದರೆ ಅದೂ ಇನ್ನೊಂದು ಪೀರಿಯಡ್ ಆಯಿತು, ಅಲ್ವಾ? ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದ ಹುಡುಗನನ್ನು ಕೂರಿಸಿ ಪ್ರಸಂಗದ ಸಾರಾಂಶ ಬರೆಸುತ್ತೇವಾ? ಬರೆಸದೆ ಬಿಟ್ಟದ್ದಕ್ಕೇ ಅವನು ಬೆಳಿಗ್ಗೆ ಚಾ ಲೋಟ ಕೈಯಲ್ಲಿ ಹಿಡಿದುಕೊಂಡು ಕೀಚಕ ಹೇಗೆ ಸತ್ತ ಅಂತ ಅಂಗಳದಲ್ಲಿ ಕುಣಿದು ತೋರಿಸುವುದು.

ನಮ್ಮ ಕರಾವಳಿಯ ಹಿರಿಯರಿಗೆ ಈ ಗುಟ್ಟು ಗೊತ್ತಿತ್ತು. ಪಂಜೆ ಮಂಗೇಶರಾಯರು (1874–1937) ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ಮಕ್ಕಳಿಗೆ ಪ್ರಶ್ನೆ ಕೇಳುವುದೇ ಉದ್ಯೋಗ. ಆದರೂ ಅವರ ನಾಗರಹಾವಿನ ಪದ್ಯದಲ್ಲಿ ಹುಡುಕಿದರೂ ಉಪದೇಶ ಸಿಗಲ್ಲ. ಹಾವಿನ ಮುಂದೆ ನಿಂತ ಮಗುವಿನ ಆಸೆ ಮತ್ತು ಹೆದರಿಕೆ, ಇಷ್ಟೇ. ಕೋಟದ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗೆಂದು ‘ಬಾಲ ಪ್ರಪಂಚ’ ಅನ್ನುವ ವಿಶ್ವಕೋಶದ ಮೂರು ಸಂಪುಟ ತಂದರು. ಅಂಥ ಪುಸ್ತಕವನ್ನು ಎಲ್ಲಿ ಬೇಕಾದರೂ ತೆರೆಯಬಹುದು, ಬೋರಾದರೆ ಮುಚ್ಚಬಹುದು. ಮುಚ್ಚುವುದಕ್ಕೂ ಮಕ್ಕಳಿಗೆ ಬಿಡಬೇಕು. ಎಷ್ಟು ದುಡ್ಡು ಕೊಟ್ಟು ತಂದೆ ಗೊತ್ತಾ ಅಂತ ಬೈಯುವವರು ನಾವೇ.

ಪಟ್ಟಿಯನ್ನೂ ಕೊಡುವುದಿಲ್ಲ. ‘ಕೋಲದ ವಿಡಿಯೊ ಮಾತ್ರ’ ಅಂದಿರಲ್ಲ, ಆ ‘ಮಾತ್ರ’ ಯಾಕೆ? ಹುಡುಗನಿಗೆ ಕಥೆಯ ಹುಚ್ಚು ಇದೆ ಅಂತಲೇ ಅರ್ಥ. ಕಾರಂತರ ‘ಚೋಮನ ದುಡಿ’ (1933) ಸಣ್ಣ ಕಾದಂಬರಿ, ಅದರಲ್ಲಿ ಪಂಜುರ್ಲಿ ದೈವ ಇದೆ, ನೆಲದ ಆಸೆ ಇದೆ, ಸಿಟ್ಟು ಬರಿಸುವ ಅನ್ಯಾಯ ಇದೆ. ಒಂದು ಪ್ರತಿ ತಂದು ಟಿವಿ ಹತ್ತಿರ ಸುಮ್ನೆ ಬಿಟ್ಟುಬಿಡಿ. ‘ಒಳ್ಳೆ ಪುಸ್ತಕ, ಓದು ಮಗಾ’ ಅಂದಿರೋ, ಕೆಟ್ಟಿತು.

ಇನ್ನೊಂದು. ಗ್ರಾಮ ಪಂಚಾಯತ್ ಲೈಬ್ರರಿಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಅವನನ್ನೇ ಕಳಿಸಿ, ಜೊತೆಗೆ ಹೋಗಬೇಡಿ. ಮೊದಲ ಸಲ ಕ್ರಿಕೆಟ್ ಪುಟ ನೋಡಿ ವಾಪಸ್ ಬರುತ್ತಾನೆ, ಬರಲಿ.

ಮುಂದಿನ ಸಲ ಡಿಸಿ ಮಳೆ ರಜೆ ಕೊಟ್ಟ ದಿನ ಕರೆಂಟ್ ಹೇಗೂ ಹೋಗುತ್ತದೆ. ಆಗ ನೀವೇ ಒಂದು ಪುಸ್ತಕ ಹಿಡಿದು ಕಿಟಕಿ ಪಕ್ಕ ಕೂತು ಜೋರಾಗಿ ನಗಿ. ಏನಮ್ಮಾ ಅಂತ ಕೇಳಿದರೆ ಅರ್ಧ ಪುಟ ಓದಿ ಹೇಳಿ, ಕುತೂಹಲ ಬರುವಲ್ಲಿ ನಿಲ್ಲಿಸಿ, ಗಂಜಿಗೆ ಇಡಬೇಕು ಅಂತ ಎದ್ದು ಹೋಗಿ. ಪುಸ್ತಕ ಅಲ್ಲೇ ಇರಲಿ. ಅಡುಗೆಮನೆಯಿಂದ ಇಣುಕಿ ನೋಡಬೇಡಿ, ಮತ್ತೆ ಎಷ್ಟು ಪುಟ ಓದಿದ ಅಂತ ನಮಗಂತೂ ಬರೆಯಲೇಬೇಡಿ.

— ಸಂ.