ಫೈಟರ್ ಮೀನು ತಳದಲ್ಲೇ ಮಲಗಿರುತ್ತದೆ, ಬಾಲ ಹರಿದಂತಿದೆ. ಯಾವ ಔಷಧಿ ಹಾಕಲಿ?

ಮೀನು ತಂದು ಮೂರು ವಾರವಾಯಿತು, ಎರಡು ಲೀಟರಿನ ಗಾಜಿನ ಬುಂಡೆಯಲ್ಲಿದೆ, ದಿನ ಬಿಟ್ಟು ದಿನ ಪೂರ್ತಿ ನೀರು ಚೆಲ್ಲಿ ನಲ್ಲಿ ನೀರು ತುಂಬುತ್ತೇನೆ ಎಂದು ಬರೆದಿದ್ದೀರಿ. ಸದ್ಯಕ್ಕೆ ಔಷಧಿ ಬೇಡ. ಮೊದಲು ನೀರು ಸರಿಯಾಗಲಿ.

ನಾನು ಬೆಂಗಳೂರಿನಲ್ಲಿ ಆರು ವರ್ಷದಿಂದ ಫೈಟರ್ ಸಾಕುತ್ತಿದ್ದೇನೆ. ಮೊದಲನೆಯದು ಕಡುನೀಲಿ ಗಂಡು. ಬುಂಡೆ ಸಾಕು ಎಂದು ಅಂಗಡಿಯಲ್ಲಿ ಹೇಳಿದ್ದನ್ನು ನಂಬಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ನೋಡಿದರೆ ರೆಕ್ಕೆಗಳನ್ನೆಲ್ಲ ಮೈಗೆ ಅಂಟಿಸಿಕೊಂಡು, ನೀರಲ್ಲಿ ಅದ್ದಿ ತೆಗೆದ ಕುಂಚದ ಹಾಗೆ ತಳದಲ್ಲಿ ಬಿದ್ದಿತ್ತು. ಉಸಿರಿಗೆಂದು ಮೇಲೇಳುತ್ತಿತ್ತು, ಅರ್ಧಕ್ಕೇ ಸೋತು ಮತ್ತೆ ಇಳಿಯುತ್ತಿತ್ತು. ಥರ್ಮಾಮೀಟರ್ ಇಳಿಬಿಟ್ಟರೆ 19 ಡಿಗ್ರಿ. ಸಂಕ್ರಾಂತಿಯವರೆಗೂ ಅದು ಬದುಕಲಿಲ್ಲ. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ಇದು ಥಾಯ್ಲೆಂಡ್ ಕಡೆಯ ಗದ್ದೆ, ಜೌಗು, ನಿಧಾನ ಹರಿಯುವ ಕಾಲುವೆಗಳ ಮೀನು. ಬೆಚ್ಚಗಿನ ನೀರು, 24ರಿಂದ 28 ಡಿಗ್ರಿ, ಅದಕ್ಕೆ ಬೇಕೇ ಬೇಕು. ತಲೆಯಲ್ಲಿರುವ ಒಂದು ವಿಶೇಷ ಅಂಗದಿಂದ ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಅದಕ್ಕೇ ಲೋಟದಲ್ಲಿಟ್ಟರೂ ಬದುಕುತ್ತದೆ ಎಂಬ ಮಾತು ಹಬ್ಬಿದೆ. ಆದರೆ ಅದರ ಹಿಕ್ಕೆ, ತಿನ್ನದೆ ಉಳಿದ ಮೀನಿನ ಆಹಾರದ ಕಾಳು ಕೊಳೆತು ನೀರಲ್ಲಿ ಅಮೋನಿಯಾ ಸೇರುತ್ತದಲ್ಲ, ಅದು ಕಿವಿರನ್ನೂ ರೆಕ್ಕೆಯನ್ನೂ ಸುಡುತ್ತದೆ. ಗಾಳಿ ಉಸಿರಾಡಿದ ಮಾತ್ರಕ್ಕೆ ಅದರಿಂದ ಪಾರಾಗಲು ಆಗುವುದಿಲ್ಲ. ಎರಡು ಲೀಟರಿನಲ್ಲಿ ಇದು ಬೇಗ ಏರುತ್ತದೆ. ನೀವು ಪೂರ್ತಿ ನೀರು ಬದಲಿಸಿದಾಗ ಅಮೋನಿಯಾ ಹೋಗುತ್ತದೆ ನಿಜ, ಆದರೆ ಒಮ್ಮೆಲೇ ತಣ್ಣೀರು, ಜೊತೆಗೆ ಕ್ಲೋರಿನ್. ಪಾಪದ ಜೀವಕ್ಕೆ ಎರಡು ದಿನಕ್ಕೊಮ್ಮೆ ಅದೇ ಆಘಾತ.

ಕನಿಷ್ಠ 15–20 ಲೀಟರಿನ ಗಾಜಿನ ತೊಟ್ಟಿ ತನ್ನಿ. ತಾನಾಗಿಯೇ ಆಫ್ ಆಗುವ ಸಣ್ಣ ಹೀಟರ್, 25 ಅಥವಾ 50 ವ್ಯಾಟಿನದು, ಜೊತೆಗೆ ಮೆಲ್ಲಗೆ ಗುಳ್ಳೆ ಬಿಡುವ ಸ್ಪಾಂಜ್ ಫಿಲ್ಟರ್. ನೀರಿನ ಸೆಳೆತ ಜೋರಾದರೆ ಆ ಉದ್ದ ಬಾಲ ಹೊತ್ತು ಈಜಲು ಅದಕ್ಕೆ ಕಷ್ಟ. ಹಾರಿ ಬೀಳುವ ಮೀನು, ಮುಚ್ಚಳ ಮರೆಯಬೇಡಿ. ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ಗಾಳಿಗೆ ಜಾಗವಿರಲಿ. ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಮಾಡಿಯೇ ಸೇರಿಸಿ.

ಅಮೋನಿಯಾವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಆ ಸ್ಪಾಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಆಮೇಲೆ ವಾರಕ್ಕೊಮ್ಮೆ ಸಾಕು. ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿಯಲೇಬೇಡಿ. ತೊಟ್ಟಿಯಿಂದ ತೆಗೆದ ಹಳೆ ನೀರಲ್ಲೇ ಹಿಂಡಿ. ನಾನು ಒಮ್ಮೆ ನಲ್ಲಿಯಲ್ಲಿ ಚೊಕ್ಕವಾಗಿ ತೊಳೆದು, ತಿಂಗಳ ಕೆಲಸವನ್ನೆಲ್ಲ ಮೊದಲಿನಿಂದ ಶುರು ಮಾಡಬೇಕಾಯಿತು.

ಊಟ ಕಡಿಮೆ ಮಾಡಿ. ಅದರ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟೇ ಎಂದು ಲೆಕ್ಕ ಇಟ್ಟುಕೊಳ್ಳಿ. ಬೆಳಿಗ್ಗೆ ಮೂರು ಕಾಳು, ಸಂಜೆ ಮೂರು, ವಾರಕ್ಕೊಂದು ದಿನ ಉಪವಾಸ. ಹೊಟ್ಟೆ ಉಬ್ಬರಿಸಿ ವಾಲಾಡುವ ಫೈಟರ್‌ಗಳನ್ನು ನಾನು ನೋಡಿದ ಮನೆಗಳಲ್ಲೆಲ್ಲ ಪ್ರೀತಿಯಿಂದ ಜಾಸ್ತಿ ತಿನ್ನಿಸಿದ್ದರು.

ಇನ್ನು ಬಾಲ. ಟಾರ್ಚ್ ಹಿಡಿದು ಅಂಚು ನೋಡಿ. ಚೂಪಾದ ಅಲಂಕಾರದ ವಸ್ತುವಿಗೋ ಪ್ಲಾಸ್ಟಿಕ್ ಗಿಡಕ್ಕೋ ಸಿಕ್ಕಿ ಹರಿದಿದ್ದರೆ ಅಂಚು ಸ್ವಚ್ಛವಾಗಿರುತ್ತದೆ, ನೀರು ಚೆನ್ನಾಗಿದ್ದರೆ ಕೆಲ ದಿನಗಳಲ್ಲಿ ಗಾಜಿನಂಥ ತೆಳು ಪೊರೆ ಚಿಗುರುತ್ತದೆ. ಅಂಚು ಕಪ್ಪಾಗಿಯೋ ಕೆಂಪಾಗಿಯೋ ಇದ್ದು ದಿನದಿನಕ್ಕೆ ಮೈಯತ್ತ ಸರಿಯುತ್ತಿದ್ದರೆ ಅದು ರೆಕ್ಕೆ ಕೊಳೆಯುವ ರೋಗ, ಆಗ ಔಷಧಿಯ ಮಾತಾಡೋಣ. ಕಾಡುಬಾದಾಮಿ ಮರದ ಒಣಗಿ ಬಿದ್ದ ಎಲೆಯನ್ನು ಚೆನ್ನಾಗಿ ತೊಳೆದು ಒಂದು ಹಾಕಬಹುದು. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಔಷಧಿ ಸಿಂಪಡಿಸಿದ ಮರದ ಎಲೆ, ವಾಹನದ ಹೊಗೆ ಕುಡಿದ ಎಲೆ ಮಾತ್ರ ಬೇಡ.

ನಾಳೆ ಬೆಳಿಗ್ಗೆ ಎದ್ದ ಕೂಡಲೇ ನೀರು ಎಷ್ಟು ಡಿಗ್ರಿ ಇದೆ ನೋಡಿ, ಬಾಲದ ಅಂಚಿನ ಹತ್ತಿರದ ಫೋಟೊ ಜೊತೆ ಇಲ್ಲೇ ತಿಳಿಸಿ.